ಯುಎಇ ಶಾಲೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಕೆಲಸ ಬಿಡುವುದು ಹೇಗೆ?

ದುಬೈ, ಶಾರ್ಜಾ, ಅಬುಧಾಬಿಗಳಲ್ಲಿರುವ ಭಾರತೀಯ ಪಠ್ಯಕ್ರಮದ ಖಾಸಗಿ ಶಾಲೆಗಳಲ್ಲಿ ಪಾಠ ಮಾಡುವ ಕನ್ನಡಿಗರಲ್ಲಿ, ವಿಶೇಷವಾಗಿ ಮಂಗಳೂರು, ಉಡುಪಿ ಕಡೆಯಿಂದ ಹೋದ ಶಿಕ್ಷಕಿಯರಲ್ಲಿ, ಒಂದು ಭಯ ಬಲವಾಗಿ ಬೇರೂರಿದೆ. ಒಪ್ಪಂದಕ್ಕೆ ಒಮ್ಮೆ ಸಹಿ ಹಾಕಿದರೆ ಅವಧಿ ಮುಗಿಯುವವರೆಗೆ ಬಿಡುವಂತಿಲ್ಲ, ಬಿಟ್ಟರೆ ಬ್ಯಾನ್ ಬೀಳುತ್ತದೆ, ಶಾಲೆ ಕೇಳಿದಷ್ಟು ದಂಡ ಕಟ್ಟಬೇಕಾಗುತ್ತದೆ ಎಂಬ ಮಾತು ಸ್ಟಾಫ್ ರೂಮಿನಿಂದ ಸ್ಟಾಫ್ ರೂಮಿಗೆ ಹಬ್ಬುತ್ತಲೇ ಇರುತ್ತದೆ. ಊರಿನಲ್ಲಿ ತಾಯಿಗೆ ಹುಷಾರಿಲ್ಲ ಎಂದೋ, ಸಂಬಳ ಹೇಳಿದಂತೆ ಬರುತ್ತಿಲ್ಲ ಎಂದೋ ಕಂಗೆಟ್ಟವರು ಈ ಮಾತಿಗೆ ಹೆದರಿ ತಡೆದುಕೊಂಡು ಕೂರುತ್ತಾರೆ. ಇಲ್ಲವೇ ಬೇಸಿಗೆ ರಜೆಗೆಂದು ಊರಿಗೆ ಬಂದು, ಅಲ್ಲಿಂದಲೇ ಒಂದು ಸಂದೇಶ ಕಳಿಸಿ ಸುಮ್ಮನಾಗುತ್ತಾರೆ. ಕಾನೂನು ಈ ಎರಡನ್ನೂ ಬಯಸುವುದಿಲ್ಲ. ಕೆಲಸ ಬಿಡುವ ಹಕ್ಕು ಶಿಕ್ಷಕರಿಗೆ ಸ್ಪಷ್ಟವಾಗಿ ಇದೆ; ಲಿಖಿತವಾಗಿ ತಿಳಿಸದೆ ಹೊರಟುಬಿಡುವುದಕ್ಕೆ ಮಾತ್ರ ಶಿಕ್ಷೆಯಿದೆ.

ಇಲ್ಲಿ ಹೇಳುವುದೆಲ್ಲ ಖಾಸಗಿ ವಲಯಕ್ಕೆ ಅನ್ವಯವಾಗುವ 2021ರ 33ನೇ ಫೆಡರಲ್ ಡಿಕ್ರಿ ಕಾನೂನಿನ ಪ್ರಕಾರ. ಅದು 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಹಳೆಯ ಕಾನೂನಿನ ಕಾಲದಲ್ಲಿ ಅಲ್ಲಿದ್ದವರು ಕೊಡುವ ಸಲಹೆ ಎಷ್ಟೇ ಕಳಕಳಿಯದ್ದಾದರೂ ಈಗ ಹಲವು ಅಂಶಗಳಲ್ಲಿ ಹೊಂದುವುದಿಲ್ಲ. ಉದಾಹರಣೆಗೆ, ತಾವಾಗಿ ರಾಜೀನಾಮೆ ಕೊಟ್ಟವರ ಗ್ರಾಚುಯಿಟಿಯಲ್ಲಿ ಕಡಿತ ಮಾಡುವ ಹಳೆಯ ಪದ್ಧತಿ ಈಗಿಲ್ಲ. ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಬೇರೆ ನಿಯಮಗಳಿರುವುದರಿಂದ ಅವರು ಈ ಲೇಖನವನ್ನು ಆಧಾರವಾಗಿ ಇಟ್ಟುಕೊಳ್ಳಬಾರದು.

ಸಹಿ ಆಗಿದೆ, ಆದರೆ ಇನ್ನೂ ವಿಮಾನ ಹತ್ತಿಲ್ಲ

ಊರಿನಲ್ಲಿದ್ದುಕೊಂಡೇ ಆಫರ್ ಲೆಟರಿಗೆ ಸಹಿ ಮಾಡಿ ಕಳಿಸಿದ ಮೇಲೆ ಮನಸ್ಸು ಬದಲಾದರೆ, ಅದೇ ದಿನ ಶಾಲೆಯ ಎಚ್‌ಆರ್ ವಿಭಾಗಕ್ಕೆ ಇಮೇಲ್ ಬರೆಯಿರಿ. ಏಜೆಂಟರಿಗೆ ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಪತ್ರದಲ್ಲಿ ಎರಡು ಕೋರಿಕೆ ಇರಲಿ: ಆಫರನ್ನು ಹಿಂದಿರುಗಿಸಿದ್ದನ್ನು ಒಪ್ಪಿಕೊಂಡು ಉತ್ತರ ಬರೆಯಬೇಕು, ನಿಮ್ಮ ಹೆಸರಿನಲ್ಲಿ ವರ್ಕ್ ಪರ್ಮಿಟ್ ಅಥವಾ ಎಂಟ್ರಿ ಪರ್ಮಿಟ್ ಆಗಿದ್ದರೆ ಅದನ್ನು ರದ್ದು ಮಾಡಿಸಬೇಕು. ಈ ಎರಡನೆಯದನ್ನು ಮರೆತವರು ಮುಂದೆ ಬೇರೆ ಶಾಲೆಯಲ್ಲಿ ಕೆಲಸ ಸಿಕ್ಕಾಗ, ಹಳೆಯ ಪರ್ಮಿಟ್ ರದ್ದಾಗದೆ ಉಳಿದಿರುವ ಕಾರಣಕ್ಕೆ ತೊಡಕಿಗೆ ಸಿಲುಕುತ್ತಾರೆ. ಮೂಲ ಪದವಿ ಪ್ರಮಾಣಪತ್ರಗಳನ್ನು ಅಟೆಸ್ಟೇಷನ್‌ಗೆಂದು ಏಜೆಂಟರ ಕೈಗೆ ಕೊಟ್ಟಿದ್ದರೆ ಅವನ್ನು ಮೊದಲು ವಾಪಸ್ ಪಡೆದು, ಮಿಕ್ಕ ಮಾತನ್ನು ಆಮೇಲೆ ಆಡಿ. ವೀಸಾ ಖರ್ಚು, ನೇಮಕಾತಿ ಖರ್ಚು ಎಂದು ಶಾಲೆ ಹಣ ಕೇಳಿದರೆ, ಅಂಥ ಖರ್ಚನ್ನು ಉದ್ಯೋಗಿಯಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವಸೂಲು ಮಾಡಬಾರದೆಂದು ಅದೇ ಕಾನೂನಿನ 6ನೇ ವಿಧಿ ಹೇಳುತ್ತದೆ ಎಂಬುದನ್ನು ವಿನಯದಿಂದ ಬರೆದು ತಿಳಿಸಿ.

ಪ್ರೊಬೇಷನ್ ಅವಧಿಯಲ್ಲಿ

ಪ್ರೊಬೇಷನ್ 6 ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಈ ಅವಧಿಯಲ್ಲಿ ಬಿಡುವುದಾದರೆ ಮುಂದೆ ಎಲ್ಲಿಗೆ ಹೋಗುತ್ತೀರಿ ಎಂಬುದರ ಮೇಲೆ ನೋಟಿಸ್ ನಿಂತಿದೆ. ದೇಶ ಬಿಟ್ಟು ಊರಿಗೆ ಮರಳುವುದಾದರೆ 14 ದಿನಗಳ ಲಿಖಿತ ನೋಟಿಸ್ ಸಾಕು. ಯುಎಇಯೊಳಗೇ ಮತ್ತೊಂದು ಸಂಸ್ಥೆಗೆ ಸೇರುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಹಳೆಯ ಶಾಲೆ ಮಾಡಿದ ನೇಮಕಾತಿ ಖರ್ಚನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, ಹೊಸ ಸಂಸ್ಥೆ ಭರಿಸಬೇಕು. ಊರಿಗೆ ಹೋಗುತ್ತೇನೆಂದು ಹೇಳಿ 3 ತಿಂಗಳೊಳಗೆ ಹಿಂದಿರುಗಿ ಬೇರೆ ಕಡೆ ಸೇರಿದರೂ ಇದೇ ನಿಯಮ. ಆದ್ದರಿಂದ ಕಾರಣವನ್ನು ಬರೆಯುವಾಗ ಇದ್ದದ್ದನ್ನೇ ಬರೆಯುವುದು ಒಳ್ಳೆಯದು. ನೋಟಿಸ್ ಕೊಡದೆ ದೇಶ ಬಿಟ್ಟವರಿಗೆ ಹೊರಟ ದಿನದಿಂದ ಒಂದು ವರ್ಷ ಹೊಸ ವರ್ಕ್ ಪರ್ಮಿಟ್ ಸಿಗುವುದಿಲ್ಲ.

ಪ್ರೊಬೇಷನ್ ಮುಗಿದ ಮೇಲೆ

ಇಲ್ಲಿಂದ ಮುಂದೆ ನಿಮ್ಮ ಒಪ್ಪಂದದಲ್ಲಿ ಬರೆದಿರುವ ನೋಟಿಸ್ ಅವಧಿಯೇ ಮುಖ್ಯ. ಅದು 30 ದಿನಗಳಿಗಿಂತ ಕಡಿಮೆ, 90 ದಿನಗಳಿಗಿಂತ ಹೆಚ್ಚು ಇರಕೂಡದು. ಶಾಲೆಗಳು ಸಾಮಾನ್ಯವಾಗಿ ಎರಡು ಕಾಗದಗಳಿಗೆ ಸಹಿ ಹಾಕಿಸಿಕೊಂಡಿರುತ್ತವೆ: ಅಲ್ಲಿನವರು ಮೊಹ್ರೆ ಎಂದು ಕರೆಯುವ ಮಾನವ ಸಂಪನ್ಮೂಲ ಮತ್ತು ಎಮಿರೇಟೀಕರಣ ಸಚಿವಾಲಯದಲ್ಲಿ ದಾಖಲಾದ ಒಪ್ಪಂದ ಒಂದು, ಶಾಲೆಯದೇ ಆದ ಹಲವು ಪುಟಗಳ ಸೇವಾ ಷರತ್ತು ಇನ್ನೊಂದು. ಎರಡನ್ನೂ ಎದುರಿಗಿಟ್ಟುಕೊಂಡು ಓದಿ. ಮೊದಲನೆಯದು ಕೈಯಲ್ಲಿಲ್ಲದಿದ್ದರೆ ಮೊಹ್ರೆ ಆ್ಯಪ್‌ನಲ್ಲಿ ನೋಡಬಹುದು. “ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ತಿಂಗಳ ಸಂಬಳ ಕಟ್ಟಬೇಕು”, “ವೀಸಾ ವೆಚ್ಚ ಹಿಂದಿರುಗಿಸಬೇಕು” ಎಂಬಂಥ ಸಾಲುಗಳು ಹೆಚ್ಚಾಗಿ ಕಾಣುವುದು ಎರಡನೆಯದರಲ್ಲಿ. ಕಾನೂನಿಗಿಂತ ಉದ್ಯೋಗಿಗೆ ಹೆಚ್ಚು ಅನುಕೂಲ ಕೊಡುವ ಷರತ್ತು ನಿಲ್ಲುತ್ತದೆ. ಕಾನೂನು ಕೊಟ್ಟ ಹಕ್ಕನ್ನು ಕಿತ್ತುಕೊಳ್ಳುವ ಷರತ್ತಿಗೆ ನೀವು ಸಹಿ ಹಾಕಿದ್ದರೂ ಬಲವಿಲ್ಲ. ನೋಟಿಸ್ ಅವಧಿ ಪೂರೈಸದೆ ಹೋದರೆ ಉಳಿದ ದಿನಗಳ ಸಂಬಳವನ್ನು ಕೊಡಬೇಕಾಗುತ್ತದೆ ಎಂಬುದು ಮಾತ್ರ ಕಾನೂನೇ ಒಪ್ಪಿದ ವಿಷಯ, ಅದನ್ನು ತಪ್ಪಿಸಿಕೊಳ್ಳಲಾಗದು. ಎರಡೂ ಕಡೆಯವರು ಒಪ್ಪಿದರೆ ಅವಧಿಯನ್ನು ಕಡಿಮೆ ಮಾಡಿಕೊಳ್ಳಬಹುದು. ಒಪ್ಪಿಗೆ ಕಾಗದದ ಮೇಲಿರಬೇಕು.

ರಾಜೀನಾಮೆ ಪತ್ರ ಚಿಕ್ಕದಾಗಿರಲಿ. ಹೆಸರು, ಉದ್ಯೋಗಿ ಸಂಖ್ಯೆ, ಒಪ್ಪಂದದ ಯಾವ ಷರತ್ತಿನ ಪ್ರಕಾರ ಎಷ್ಟು ದಿನಗಳ ನೋಟಿಸ್, ಕೊನೆಯ ಕೆಲಸದ ದಿನ ಯಾವುದು, ಬಾಕಿ ಹಣ ಮತ್ತು ಅನುಭವ ಪ್ರಮಾಣಪತ್ರಕ್ಕಾಗಿ ಕೋರಿಕೆ: ಇಷ್ಟು ಸಾಕು. ಪ್ರಾಂಶುಪಾಲರ ಮೇಲಿನ ದೂರು, ಸಹೋದ್ಯೋಗಿಗಳ ಮೇಲಿನ ಬೇಸರ ಇದರಲ್ಲಿ ಬರಬಾರದು. ದೂರಿಗೆ ಬೇರೆ ಜಾಗವಿದೆ. ಎರಡು ಪ್ರತಿ ಮಾಡಿಸಿ, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೇಟು ಹಾಕಿದರೆ ಅದೇ ಪತ್ರವನ್ನು ಆಗಲೇ ಇಮೇಲ್ ಮಾಡಿ, ನಿಮ್ಮ ಸ್ವಂತ ಇಮೇಲಿಗೂ ಒಂದು ಪ್ರತಿ ಹೋಗುವಂತೆ ನೋಡಿಕೊಳ್ಳಿ. ಶಾಲೆಯ ಇಮೇಲ್ ಖಾತೆ ಕೊನೆಯ ದಿನವೇ ಮುಚ್ಚಿಹೋಗಬಹುದು. ಆಗ ಸಂಬಳದ ಚೀಟಿಗಳೂ ರಜೆಯ ಮಂಜೂರಾತಿಗಳೂ ಕೈತಪ್ಪುತ್ತವೆ. ಅವನ್ನೆಲ್ಲ ಮೊದಲೇ ಇಳಿಸಿಟ್ಟುಕೊಳ್ಳಿ.

ಯಾವಾಗ ಕೊಡಬೇಕೆಂಬುದನ್ನೂ ಯೋಚಿಸಬೇಕು. ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ, ಜುಲೈ, ಆಗಸ್ಟ್ ಬೇಸಿಗೆ ರಜೆ. ಮಾರ್ಚ್ ಕೊನೆಗೆ ಹೊರಡುವ ಉದ್ದೇಶವಿದ್ದು 90 ದಿನಗಳ ನೋಟಿಸ್ ಇದ್ದರೆ ಡಿಸೆಂಬರ್ ಮುಗಿಯುವುದರೊಳಗೆ ಪತ್ರ ಕೊಟ್ಟಿರಬೇಕು. ಹತ್ತನೇ ತರಗತಿ, ಹನ್ನೆರಡನೇ ತರಗತಿಗೆ ಪಾಠ ಮಾಡುವವರು ಸಾಧ್ಯವಾದಷ್ಟೂ ಬೋರ್ಡ್ ಪರೀಕ್ಷೆಯ ತನಕ ಇರಬೇಕೆಂಬುದು ನನ್ನ ಅಭಿಪ್ರಾಯ. ಕಾನೂನು ಅದನ್ನು ಕೇಳುವುದಿಲ್ಲ, ಆದರೆ ನಡುವರ್ಷದಲ್ಲಿ ಟೀಚರನ್ನು ಕಳೆದುಕೊಂಡ ತರಗತಿಯ ಕಷ್ಟವನ್ನು ಶಿಕ್ಷಕರಿಗೆ ಬೇರೆಯವರು ವಿವರಿಸಬೇಕಾಗಿಲ್ಲ. ಬೇಸಿಗೆ ರಜೆಯನ್ನು ನೋಟಿಸ್ ಅವಧಿಯಲ್ಲಿ ಸೇರಿಸಬಹುದೇ, ರಜೆಯ ಸಂಬಳ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಒಪ್ಪಂದದಲ್ಲಿರುತ್ತದೆ. ಅಸ್ಪಷ್ಟವಾಗಿದ್ದರೆ ಕೊನೆಯ ಕೆಲಸದ ದಿನ ಯಾವುದೆಂದು ಎಚ್‌ಆರ್‌ನಿಂದ ಬರೆಸಿಕೊಳ್ಳಿ.

ರಜೆಗೆ ಹೋಗಿ ಮರಳದಿರುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಸತತ 7 ದಿನಗಳಿಗಿಂತ ಹೆಚ್ಚು ಗೈರಾದ, ಎಲ್ಲಿದ್ದಾರೆಂದು ತಿಳಿಯದ ಉದ್ಯೋಗಿಯ ಮೇಲೆ ಶಾಲೆ ಸಚಿವಾಲಯಕ್ಕೆ ದೂರು ಸಲ್ಲಿಸಬಹುದು. ಜನ ಅಬ್‌ಸ್ಕಾಂಡಿಂಗ್ ಕೇಸ್ ಎನ್ನುವುದು ಇದನ್ನೇ. ಸರಿಯಾದ ಕಾರಣವಿಲ್ಲದೆ ಹೀಗೆ ಕೆಲಸ ಬಿಟ್ಟವರಿಗೂ ಒಂದು ವರ್ಷ ವರ್ಕ್ ಪರ್ಮಿಟ್ ಇಲ್ಲ. ಊರಿಗೆ ಬಂದ ಮೇಲೆ ನಿಜಕ್ಕೂ ಮರಳಲಾಗದ ಸ್ಥಿತಿ ಬಂದರೆ, ಆಸ್ಪತ್ರೆಯ ದಾಖಲೆಯಂಥ ಆಧಾರಗಳ ಜೊತೆ ಆ ದಿನವೇ ರಾಜೀನಾಮೆಯನ್ನು ಇಮೇಲ್ ಮಾಡಿ, ನೋಟಿಸ್ ಅವಧಿಯ ವಿಷಯದಲ್ಲಿ ರಾಜಿ ಕೋರಿ. ಅಷ್ಟು ಮಾಡಿದರೆ ನೀವು ನಾಪತ್ತೆಯಾದಿರಿ ಎಂದು ಶಾಲೆ ಹೇಳುವುದು ಕಷ್ಟವಾಗುತ್ತದೆ.

ನೋಟಿಸ್ ಇಲ್ಲದೆ ಬಿಡಬಹುದಾದ ಸಂದರ್ಭಗಳು

45ನೇ ವಿಧಿಯಲ್ಲಿ ಇವು ಪಟ್ಟಿಯಾಗಿವೆ. ಶಾಲೆ ಒಪ್ಪಂದದ ಅಥವಾ ಕಾನೂನಿನ ಹೊಣೆಯನ್ನು ಮುರಿದಿದ್ದರೆ, ಅಂದರೆ ತಿಂಗಳುಗಟ್ಟಲೆ ಸಂಬಳ ಕೊಡದಿದ್ದರೆ, ಕೆಲಸ ಬಿಡುವ ದಿನಕ್ಕೆ 14 ಕೆಲಸದ ದಿನಗಳ ಮೊದಲು ಸಚಿವಾಲಯಕ್ಕೆ ತಿಳಿಸಬೇಕು. ಆಗಲೂ ಶಾಲೆ ಸರಿಪಡಿಸದಿದ್ದರೆ ಬಿಡಬಹುದು. ಹಲ್ಲೆ, ಹಿಂಸೆ, ಕಿರುಕುಳ ನಡೆದಿದ್ದರೆ, ದೂರು ಕೊಡಲು ಸಾಧ್ಯವಾದ ದಿನದಿಂದ 5 ಕೆಲಸದ ದಿನಗಳೊಳಗೆ ಅಧಿಕಾರಿಗಳಿಗೆ ತಿಳಿಸಿರಬೇಕು. ಜೀವಕ್ಕೆ, ಆರೋಗ್ಯಕ್ಕೆ ಅಪಾಯವಿದೆಯೆಂದು ಗೊತ್ತಿದ್ದೂ ಶಾಲೆ ಕ್ರಮ ಕೈಗೊಳ್ಳದಿರುವುದು, ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಮೂಲತಃ ಬೇರೆಯದೇ ಕೆಲಸ ಹಚ್ಚುವುದು ಉಳಿದ ಕಾರಣಗಳು. ಪ್ರೌಢಶಾಲೆಯ ಭೌತಶಾಸ್ತ್ರಕ್ಕೆಂದು ಕರೆಸಿ ನರ್ಸರಿಯಲ್ಲಿ ಸಹಾಯಕಿಯಾಗಿ ನಿಲ್ಲಿಸಿದರೆ ಅದು ಬೇರೆ ಕೆಲಸ. ಬಸ್ ಡ್ಯೂಟಿ ಜಾಸ್ತಿಯಾಯಿತೆಂಬುದು ಈ ವಿಧಿಯೊಳಗೆ ಬರುವುದು ಅನುಮಾನ. ಈ ದಾರಿ ಹಿಡಿಯುವವರು ಸಚಿವಾಲಯದಲ್ಲಿ ದೂರು ದಾಖಲಾದ ಸಂಖ್ಯೆ ಕೈಗೆ ಬರುವವರೆಗೆ ಕೆಲಸಕ್ಕೆ ಹೋಗುವುದನ್ನು, ಸುರಕ್ಷತೆಗೆ ಧಕ್ಕೆಯಿಲ್ಲದಿದ್ದರೆ, ನಿಲ್ಲಿಸಬಾರದು.

ಹಣದ ಲೆಕ್ಕ

ಒಂದು ವರ್ಷ ಪೂರ್ತಿ ಸೇವೆ ಸಲ್ಲಿಸಿದವರಿಗೆ ಗ್ರಾಚುಯಿಟಿ ಬರುತ್ತದೆ: ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ನಂತರದ ಪ್ರತಿ ವರ್ಷಕ್ಕೆ 30 ದಿನಗಳದ್ದು. ಲೆಕ್ಕ ಮೂಲ ವೇತನದ ಮೇಲೆ, ಕೈಗೆ ಬರುವ ಒಟ್ಟು ಸಂಬಳದ ಮೇಲಲ್ಲ ಎಂಬುದು ಬಹಳ ಜನರಿಗೆ ಕೊನೆಯ ದಿನವೇ ತಿಳಿಯುತ್ತದೆ. ತಿಂಗಳಿಗೆ 5,500 ದಿರ್ಹಂ ಪಡೆಯುವ ಶಿಕ್ಷಕಿಯ ಮೂಲ ವೇತನ 3,000 ಎಂದಿಟ್ಟುಕೊಳ್ಳಿ. ದಿನಕ್ಕೆ 100 ದಿರ್ಹಂ. 4 ವರ್ಷಕ್ಕೆ 84 ದಿನ, ಅಂದರೆ 8,400 ದಿರ್ಹಂ. 7 ವರ್ಷವಾಗಿದ್ದರೆ 105 ದಿನಗಳಿಗೆ 60 ದಿನ ಸೇರಿ 16,500 ದಿರ್ಹಂ. ಇದಲ್ಲದೆ ಬಳಸದ ವಾರ್ಷಿಕ ರಜೆಯ ಹಣ, ಕೊನೆಯ ತಿಂಗಳ ಸಂಬಳ ಸೇರಬೇಕು. ಎಲ್ಲವನ್ನೂ ಒಪ್ಪಂದ ಮುಗಿದ 14 ದಿನಗಳೊಳಗೆ ಕೊಡಬೇಕೆಂದು ಕಾನೂನಿದೆ. ಕೆಲಸ ಕಳೆದುಕೊಂಡವರಿಗಿರುವ ವಿಮೆಯ ಹಣ ರಾಜೀನಾಮೆ ಕೊಟ್ಟವರಿಗೆ ಸಿಗುವುದಿಲ್ಲ. ಅದನ್ನು ನಂಬಿ ಲೆಕ್ಕ ಹಾಕಬೇಡಿ.

ಶಾಲೆ ವರ್ಕ್ ಪರ್ಮಿಟ್ ರದ್ದತಿಯ ಕಾಗದ ತಂದು ಸಹಿ ಕೇಳುವ ಗಳಿಗೆಯಲ್ಲಿ ಎಚ್ಚರ ಬೇಕು. “ನನಗೆ ಬರಬೇಕಾದ ಎಲ್ಲ ಹಣ ಬಂದಿದೆ” ಎಂಬ ಅರ್ಥದ ಸಾಲು ಅದರಲ್ಲಿರುತ್ತದೆ. ಹಣ ಖಾತೆಗೆ ಬಾರದೆ ಅದಕ್ಕೆ ಸಹಿ ಹಾಕಬೇಡಿ. “ಸಹಿ ಹಾಕಿ ಮೇಡಂ, ಮುಂದಿನ ವಾರ ಹಾಕುತ್ತೇವೆ” ಎಂದರೆ, ಮುಂದಿನ ವಾರವೇ ಸಹಿ ಹಾಕುತ್ತೇನೆ ಎಂದು ಶಾಂತವಾಗಿ ಹೇಳಿ. ಹಣ ಬಾರದಿದ್ದರೆ ಮೊಹ್ರೆಗೆ ದೂರು ಕೊಡಬಹುದು. ಮೊದಲು ರಾಜಿಯ ಪ್ರಯತ್ನ ನಡೆಯುತ್ತದೆ, 50,000 ದಿರ್ಹಂ ಮೀರದ ತಗಾದೆಗಳನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸುತ್ತದೆ. ಕೆಲಸ ಮುಗಿದ 2 ವರ್ಷಗಳೊಳಗೆ ಹಕ್ಕು ಕೇಳಬೇಕು. ಪಾಸ್‌ಪೋರ್ಟನ್ನು ಶಾಲೆ ಇಟ್ಟುಕೊಳ್ಳುವುದು ಕಾನೂನುಬಾಹಿರ. ಅನುಭವ ಪ್ರಮಾಣಪತ್ರಕ್ಕೆ ಶುಲ್ಕ ಕೇಳುವಂತಿಲ್ಲ.

ವೀಸಾ, ಮನೆ, ಬ್ಯಾಂಕು

ಗಂಡನ ವೀಸಾದಲ್ಲಿದ್ದು ಶಾಲೆಯ ವರ್ಕ್ ಪರ್ಮಿಟ್ ಮೇಲೆ ಕೆಲಸ ಮಾಡುವ ಶಿಕ್ಷಕಿಯರು ಬಹಳ. ಅವರಿಗೆ ಪರ್ಮಿಟ್ ಮಾತ್ರ ರದ್ದಾಗುತ್ತದೆ, ವಾಸದ ವೀಸಾ ಉಳಿಯುತ್ತದೆ; ಗ್ರಾಚುಯಿಟಿ ಮುಂತಾದ ಹಕ್ಕುಗಳಲ್ಲಿ ವ್ಯತ್ಯಾಸವಿಲ್ಲ. ಶಾಲೆಯ ವೀಸಾದಲ್ಲಿದ್ದು ಮಕ್ಕಳನ್ನು, ಸಂಗಾತಿಯನ್ನು ಸ್ಪಾನ್ಸರ್ ಮಾಡಿರುವವರು ಮೊದಲು ಕುಟುಂಬದವರ ವೀಸಾ ರದ್ದು ಮಾಡಿಸಬೇಕು ಅಥವಾ ಬದಲಾಯಿಸಬೇಕು, ಆಮೇಲೆ ತಮ್ಮದು. ರದ್ದಾದ ನಂತರ ಎಷ್ಟು ದಿನ ಇರಬಹುದೆಂಬುದು ವೀಸಾದ ಬಗೆಯ ಮೇಲೆ ಹೋಗುತ್ತದೆ. ರದ್ದತಿ ಪತ್ರದ ಮೇಲಿನ ದಿನಾಂಕವನ್ನೇ ನಂಬಿ, ಗೆಳೆಯರ ಅಂದಾಜನ್ನಲ್ಲ. ಮಕ್ಕಳು ಅದೇ ಶಾಲೆಯಲ್ಲಿ ರಿಯಾಯಿತಿ ಶುಲ್ಕಕ್ಕೆ ಓದುತ್ತಿದ್ದರೆ ಟಿಸಿಗೆ ಬೇಗ ಅರ್ಜಿ ಹಾಕಿ. ಯುಎಇಯಲ್ಲೇ ಬೇರೆ ಶಾಲೆಗೆ ಹೋಗುವವರಿಗೆ ದುಬೈನಲ್ಲಿ ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್ ಎಂಬ ಶಿಕ್ಷಣ ಪ್ರಾಧಿಕಾರಗಳ ಅನುಮತಿ ಹೊಸದಾಗಿ ಬೇಕಾಗುವುದರಿಂದ ಹಳೆಯ ಶಾಲೆಯೊಂದಿಗಿನ ವಿದಾಯ ಕ್ರಮಬದ್ಧವಾಗಿರುವುದು ಇನ್ನಷ್ಟು ಅಗತ್ಯ.

ಸಾಲವಿದ್ದರೆ ಬ್ಯಾಂಕಿಗೆ ಮೊದಲೇ ಹೋಗಿ ಮಾತಾಡಿ. ಅಂತಿಮ ಪಾವತಿಯ ಹಣ ಖಾತೆಗೆ ಬಿದ್ದದ್ದನ್ನು ಕಂಡು ಬ್ಯಾಂಕು ಅದನ್ನು ತಡೆಹಿಡಿಯುವುದುಂಟು, ಕ್ರೆಡಿಟ್ ಕಾರ್ಡಿನ ಬಾಕಿಗೂ ಪ್ರಯಾಣ ನಿರ್ಬಂಧದವರೆಗೆ ಹೋಗಬಹುದು. ಕಾರ್ಡ್ ಮುಚ್ಚಿದ್ದಕ್ಕೆ, ಸಾಲ ತೀರಿದ್ದಕ್ಕೆ ಪತ್ರ ಪಡೆಯಿರಿ. ಮನೆ ಬಾಡಿಗೆಗೆ ಕೊಟ್ಟ ಚೆಕ್ಕುಗಳಲ್ಲಿ ಉಳಿದವನ್ನು ಮಾಲೀಕರಿಂದ ವಾಪಸ್ ತೆಗೆದುಕೊಳ್ಳಿ.

ಇಕ್ಕಟ್ಟಿಗೆ ಸಿಲುಕಿದವರು ದುಬೈನ ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರವನ್ನು ಸಂಪರ್ಕಿಸಬಹುದು. ಊರಿನಲ್ಲಿರುವ ಮನೆಯವರು ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಮರಳಿದ ಮೇಲೆ ಕರ್ನಾಟಕದ ಶಾಲೆಗಳಿಗೆ ಅರ್ಜಿ ಹಾಕುವಾಗ ಬೇಕಾಗುವುದರಿಂದ ಅನುಭವ ಪ್ರಮಾಣಪತ್ರದಲ್ಲಿ ಕಲಿಸಿದ ವಿಷಯ, ತರಗತಿ, ಸೇರಿದ ಮತ್ತು ಬಿಟ್ಟ ದಿನಾಂಕ ಇವೆಯೇ ಎಂದು ಅಲ್ಲಿರುವಾಗಲೇ ಪರಿಶೀಲಿಸಿ. ಶಾಶ್ವತವಾಗಿ ನೆಲೆಸಲು ಬಂದವರು ಅನಿವಾಸಿ ಭಾರತೀಯರಿಗೆಂದು ಇರುವ ಎನ್‌ಆರ್‌ಇ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ. ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆಯಾಗಿ ಬದಲಿಸಿಕೊಳ್ಳಬೇಕು.