ಉಳಿಸಿದ ಹಣ ಯಾವ ಸಂಸ್ಥೆಗೆ? ನಾನು ಲೆಕ್ಕ ನೋಡಿ ಕೊಡುವ ಕ್ರಮ

ಅಡಿಕೆ ಮಾರಿ, ಮಂಡಿ ಲೆಕ್ಕ ಚುಕ್ತಾ ಆದ ಮೇಲೆ ಒಂದು ಪಾಲನ್ನು ದಾನಕ್ಕೆ ತೆಗೆದಿಡುವವರು ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಕಡಿಮೆಯೇನಿಲ್ಲ. ಆದರೆ ಯಾರಿಗೆ ಕೊಡಬೇಕು ಎನ್ನುವಲ್ಲಿ ಪರಿಚಯದವರು ಹೇಳಿದ್ದೇ ಕೊನೆ. ಇಷ್ಟು ಕಷ್ಟಪಟ್ಟು ಉಳಿಸಿದ ಹಣಕ್ಕೆ ಅಷ್ಟು ಸಾಲದು ಎಂದು ನನ್ನ ಅಭಿಪ್ರಾಯ.

ಮೊತ್ತದ ವಿಷಯ ಬೇಗ ಮುಗಿಸುತ್ತೇನೆ. ಒಂದು ವರ್ಷದ ಮನೆಖರ್ಚು ಮತ್ತು ತೋಟದ ಖರ್ಚನ್ನು ಮೊದಲು ಬದಿಗಿಡಬೇಕು. ಕೊಳೆ ರೋಗ ಜೋರಾದ ವರ್ಷ ಬೋರ್ಡೋ ದ್ರಾವಣ ಹೊಡೆಸುವುದಕ್ಕೇ ಸಾಲ ಮಾಡುವ ಹಾಗಾದರೆ ಮುಂದಿನ ವರ್ಷ ಯಾರಿಗೂ ಏನೂ ಕೊಡಲಾಗುವುದಿಲ್ಲ.

ಆಮೇಲೆ ಕೆಲಸ ಯಾವುದು ಎಂದು ಗೊತ್ತುಮಾಡಿಕೊಂಡು, ನಂತರ ಸಂಸ್ಥೆ ಹುಡುಕುತ್ತೇನೆ. ಶಿಕ್ಷಣ, ಆರೋಗ್ಯ, ಪರಿಸರ, ಸಂಸ್ಕೃತಿ ಎಲ್ಲವನ್ನೂ ಉದ್ದೇಶಪಟ್ಟಿಯಲ್ಲಿ ಬರೆದುಕೊಂಡವರಿಗಿಂತ ಒಂದೇ ಕೆಲಸ ಹಿಡಿದವರ ಲೆಕ್ಕ ಓದುವುದು ಸುಲಭ, ಹೋಗಿ ನೋಡುವುದೂ ಸುಲಭ.

ಸೊಸೈಟಿಯ ವಾರ್ಷಿಕ ವರದಿ ಓದಿ ರೂಢಿಯಿದ್ದವರಿಗೆ ಟ್ರಸ್ಟಿನ ಲೆಕ್ಕ ಕಷ್ಟವೇನಲ್ಲ. ಮೂರು ವರ್ಷದ ಆಡಿಟ್ ವರದಿ ಕೇಳಬೇಕು. ನಾನು ಮೊದಲು ತೆರೆಯುವುದು ಅಢಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಆಸ್ತಿ ಬದಿ. ಅಲ್ಲಿ ಬ್ಯಾಂಕ್ ಠೇವಣಿ ಮತ್ತು ಮುಂಗಡ, ಈ ಎರಡು ಸಾಲು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ವರ್ಷಕ್ಕೆ 10 ಲಕ್ಷ ಖರ್ಚು ಮಾಡುವವರ ಹತ್ತಿರ 50 ಲಕ್ಷ ಠೇವಣಿ ಇದ್ದರೆ ನಾನು ಕೊಡುವ ಹಣವೂ ಠೇವಣಿಗೇ ಸೇರುತ್ತದೆ. ಆದಾಯದ ಶೇ. 85ರಷ್ಟನ್ನು ಆಯಾ ವರ್ಷವೇ ಉದ್ದೇಶಕ್ಕೆ ಬಳಸಬೇಕು ಎಂಬುದು ತೆರಿಗೆ ವಿನಾಯಿತಿಯ ಷರತ್ತು. ಉಳಿದ ಶೇ. 15ಕ್ಕಿಂತ ಹೆಚ್ಚು ಕೂಡಿಡಬೇಕಾದರೆ ಕಾರಣವನ್ನೂ ಅವಧಿಯನ್ನೂ ಆದಾಯ ತೆರಿಗೆ ಇಲಾಖೆಗೆ ಬರೆದುಕೊಡಬೇಕು. ಹಾಗಾಗಿ 'ಯಾವುದಕ್ಕೆ ಕೂಡಿಟ್ಟಿದ್ದೀರಿ?' ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರಬೇಕು.

ಮುಂಗಡದ ಸಾಲಿನಲ್ಲಿ ಅದೇ ಮೊತ್ತ ಮೂರು ವರ್ಷವೂ ಕದಲದೆ ನಿಂತಿದ್ದರೆ, ಯಾರಿಗೆ ಕೊಟ್ಟದ್ದು ಎಂದು ವಿಚಾರಿಸುತ್ತೇನೆ. ಟ್ರಸ್ಟಿಗಳ ಮನೆಯವರಿಗೆ ಎಂದಾದರೆ ಅಲ್ಲಿಗೆ ಬಿಟ್ಟೆ. ಟ್ರಸ್ಟಿಯದೇ ಕಟ್ಟಡಕ್ಕೆ ಬಾಡಿಗೆ ಹೋಗುತ್ತಿದ್ದರೆ, ಪೇಟೆಯ ದರಕ್ಕೆ ತಾಳೆ ಇದೆಯೇ ನೋಡಬೇಕು.

ಸಂಬಳ, ಓಡಾಟದ ಖರ್ಚು ಹೆಚ್ಚಿದ್ದರೆ ಕೊಡಬೇಡಿ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಕೆಲಸವನ್ನೇ ನೋಡಿ. ಬಯಲುಸೀಮೆಯ ಹಾಗೆ ಒಂದೇ ಬೀದಿಯಲ್ಲಿ ಮನೆಗಳಿಲ್ಲ. ಒಂಟಿ ಮನೆಗಳು, ನಡುವೆ ಗುಡ್ಡ, ಹಳ್ಳ. ಇಲ್ಲಿ ನರ್ಸಿನ ಸಂಬಳ ಮತ್ತು ಜೀಪಿನ ಡೀಸೆಲ್ಲೇ ಸೇವೆ. ಅದನ್ನು ಕಡಿಮೆ ತೋರಿಸಿದವರು ಮನೆಗಳಿಗೆ ಹೋಗಿಲ್ಲ ಎಂದೇ ತಿಳಿಯಬೇಕಾಗುತ್ತದೆ.

ಇಂಥ ಕಡೆ ನಾನು ಭೇಟಿ ಪುಸ್ತಕ ಕೇಳುತ್ತೇನೆ. ರೋಗಿಯ ಹೆಸರು ಮುಚ್ಚಿಯೇ ತೋರಿಸಲಿ, ಅದು ಸರಿಯಾದ ಕ್ರಮ. ತಾರೀಕು, ಬೆನ್ನಿನ ಹುಣ್ಣಿನ ಅಳತೆ, ಕೊಟ್ಟ ಔಷಧಿ, ಮುಂದಿನ ಭೇಟಿ, ಮನೆಯವರ ಸಹಿ ಅದರಲ್ಲಿರುತ್ತದೆ. ನೋಡಬೇಕಾದ್ದು ಜುಲೈ, ಆಗಸ್ಟಿನ ಪುಟಗಳನ್ನು. ಮಳೆಗೆ ಭೇಟಿ ಕಡಿಮೆಯಾಗುವುದು ಸಹಜ. 'ಹಳ್ಳ ಬಂದಿತ್ತು, ಫೋನಿನಲ್ಲಿ ವಿಚಾರಿಸಿದೆ' ಎಂದು ಗೀಚಿದ್ದರೆ, ಪುಟದ ಅಂಚು ಒದ್ದೆಯಾಗಿ ಉಬ್ಬಿದ್ದರೆ ನನಗೆ ಧೈರ್ಯ ಬರುತ್ತದೆ. ವರ್ಷಪೂರ್ತಿ ಒಂದೇ ಶಾಯಿ, ದಿನಕ್ಕೆ ಅಷ್ಟಷ್ಟೇ ಭೇಟಿ ಎಂದು ತುಂಬಿದ ಪುಸ್ತಕ ಒಂದೇ ಸಲ ಕೂತು ಬರೆದದ್ದು.

ಕೆರೆ ಹೂಳೆತ್ತುವವರಿಗೆ ಕೊಡುವುದಾದರೆ ಹಣ ಬೇಸಿಗೆಯ ಆರಂಭದಲ್ಲೇ ತಲುಪಬೇಕು, ಜೂನ್ ಮಳೆಗೆ ಮುಂಚೆ ಕೆಲಸ ಮುಗಿಯಬೇಕಲ್ಲ. ತೆಗೆದ ಹೂಳು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ದಂಡೆಯ ಮೇಲೇ ರಾಶಿ ಹಾಕಿದರೆ ಮೊದಲ ದೊಡ್ಡ ಮಳೆಗೆ ಅದು ವಾಪಸು ಕೆರೆಗೇ ಇಳಿಯುತ್ತದೆ, ಜೆಸಿಬಿ ಬಾಡಿಗೆ ದಂಡ.

ಹಣ ಕಳಿಸುವಾಗ ಸಂಸ್ಥೆಯ ಪ್ಯಾನ್ ನೋಡಿ. ನಾಲ್ಕನೆಯ ಅಕ್ಷರ ಟ್ರಸ್ಟ್ ಆದರೆ 'ಟಿ', ಕಂಪನಿ ಆದರೆ 'ಸಿ'. 'ಪಿ' ಇದ್ದರೆ ಅದು ವ್ಯಕ್ತಿಯದು. ಯುಪಿಐ ಸ್ಕ್ಯಾನ್ ಮಾಡಿದಾಗ ಯಾರದೋ ಸ್ವಂತ ಹೆಸರು ಬಂದರೆ ಅಲ್ಲೇ ನಿಲ್ಲಿಸಿ ಚೆಕ್ ಬರೆಯಿರಿ.

80ಜಿ, ಅಂದರೆ ದಾನ ಕೊಟ್ಟ ಹಣಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ, ಅದರ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯೇ ಇಲ್ಲದ್ದರಿಂದ ತೋಟದ ಆದಾಯ ಮಾತ್ರ ಇರುವವರಿಗೆ ಅದರಿಂದ ಲಾಭವಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ನೌಕರರಿಗೂ ಇಲ್ಲ. ಹಳೆ ಪದ್ಧತಿಯವರಾದರೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಡಬೇಡಿ, ವಿನಾಯಿತಿ ಸಿಗದು. ಬರೀ ರಸೀದಿಯೂ ಸಾಲದು, ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ಸಂಸ್ಥೆ 10ಬಿಇ ಪ್ರಮಾಣಪತ್ರ ಕೊಡಬೇಕು. ನಿಮಗೆ ತೆರಿಗೆ ಲಾಭ ಇರಲಿ ಬಿಡಲಿ, ಸಂಸ್ಥೆಯ 80ಜಿ ಅನುಮೋದನೆಯ ಅವಧಿ ಮುಗಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಚೆಕ್ಕಿನ ಜತೆ ಎರಡು ಸಾಲಿನ ಪತ್ರ ಇಡುತ್ತೇನೆ: ಈ ಹಣ ಇಂಥ ಕೆಲಸದ ಈ ವರ್ಷದ ಖರ್ಚಿಗೆ, ಕಾರ್ಪಸ್‌ಗೆ ಅಲ್ಲ. ಕಾರ್ಪಸ್‌ಗೆ ಎಂದು ಬರೆದುಕೊಟ್ಟರೆ ಅಸಲು ಠೇವಣಿಯಲ್ಲಿ ಕೂರುತ್ತದೆ, ಬಡ್ಡಿ ಮಾತ್ರ ಕೆಲಸಕ್ಕೆ. ಕೆಲವರು ರಸೀದಿಯಲ್ಲೇ ಆ ಪದ ಮುದ್ರಿಸಿರುತ್ತಾರೆ, ಗಮನಿಸಿ ಹೊಡೆದುಹಾಕಿಸಬೇಕು. ಮೊದಲ ವರ್ಷ ಅಂದುಕೊಂಡ ಮೊತ್ತದ ನಾಲ್ಕನೆಯ ಒಂದು ಪಾಲು ಮಾತ್ರ. ಮುಂದಿನ ಆಡಿಟ್ ವರದಿ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೆ ತಯಾರಿರುತ್ತದೆ. ಅದನ್ನು ತರಿಸಿ, ನಾನು ಹೇಳಿದ ಬಾಬತ್ತಿನಲ್ಲಿ ಹಣ ಖರ್ಚು ಬಿದ್ದಿದ್ದರೆ ಉಳಿದದ್ದನ್ನು ಕಳಿಸುತ್ತೇನೆ.