ಎರಡನೇ ವರ್ಷದ ಡೊಮೇನ್ ಬಿಲ್: ಕೊಳ್ಳುವ ಮೊದಲೇ ಹಾಕಬೇಕಾದ ಲೆಕ್ಕ

ಮಂಗಳೂರು, ಉಡುಪಿಯ ಸಣ್ಣ ವ್ಯಾಪಾರಿಗಳು ವೆಬ್‌ಸೈಟ್ ಖರ್ಚಿನ ಬಗ್ಗೆ ಗೊಣಗುವುದು ಸಾಮಾನ್ಯವಾಗಿ ಎರಡನೇ ವರ್ಷದಲ್ಲಿ. ಮೊದಲ ವರ್ಷ ನೂರು ರೂಪಾಯಿಯೊಳಗೆ ಸಿಕ್ಕಿದ ಡೊಮೇನ್ ಹೆಸರಿಗೆ, ಅಂದರೆ ವೆಬ್‌ಸೈಟ್‌ನ ವಿಳಾಸಕ್ಕೆ, ನವೀಕರಣದ ಹೊತ್ತಿಗೆ ಸಾವಿರದೈನೂರರ ಬಿಲ್ ಬಂದರೆ ಮೋಸ ಹೋದೆವೆಂದೇ ಅನ್ನಿಸುತ್ತದೆ. ಆದರೆ ಈ ದರ ಹೆಚ್ಚಿನ ಸಂದರ್ಭಗಳಲ್ಲಿ ಮೊದಲ ದಿನವೇ ಪುಟದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಇದ್ದೇ ಇರುತ್ತದೆ. ಡೊಮೇನ್ ಯಾರಿಗೂ ಶಾಶ್ವತವಾಗಿ ಮಾರಾಟವಾಗುವುದಿಲ್ಲ. ಅದು ಅಂಗಡಿ ಕೋಣೆಯಂತೆ ಕರಾರಿನ ಮೇಲೆ ಸಿಗುವಂಥದ್ದು, ಒಮ್ಮೆಗೆ ಹೆಚ್ಚೆಂದರೆ 10 ವರ್ಷಗಳಿಗೆ. ಹಾಗಾಗಿ ಮುಂಗಡ ಎಷ್ಟು ಎಂಬುದಕ್ಕಿಂತ ಬಾಡಿಗೆ ಎಷ್ಟು ಎಂದು ವಿಚಾರಿಸುವುದೇ ಸರಿಯಾದ ಕ್ರಮ.

ಮೊದಲ ಹಂತ: ನವೀಕರಣ ದರ ಹಿಡಿದು ಐದು ವರ್ಷದ ಲೆಕ್ಕ

ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆಯನ್ನು ಅಮೆರಿಕದ ವೆರಿಸೈನ್ ಕಂಪನಿ ನಿರ್ವಹಿಸುತ್ತದೆ. ನಮಗೆ ಹೆಸರು ಮಾರುವ ರಿಜಿಸ್ಟ್ರಾರ್ ಕಂಪನಿಗಳು ಪ್ರತಿ ಹೆಸರಿಗೆ ವರ್ಷಕ್ಕೆ ಅದಕ್ಕೆ ಕಟ್ಟಬೇಕಾದ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್‌ಗೆ ಏರಿತು. ಇದರ ಮೇಲೆ, ಜಗತ್ತಿನ ಡೊಮೇನ್ ವ್ಯವಸ್ಥೆಯನ್ನು ಸಂಯೋಜಿಸುವ ಐಕಾನ್ ಸಂಸ್ಥೆಯ ಶುಲ್ಕ 2025ರ ಜುಲೈಯಿಂದ 0.20 ಡಾಲರ್ ಆಗಿದೆ. ಅಂದರೆ 99 ರೂಪಾಯಿಗೆ ಡಾಟ್ ಕಾಮ್ ಕೊಡುವವರು ಮೊದಲ ವರ್ಷ ಕೈಯಿಂದ ಹಣ ಹಾಕಿ, ಮುಂದಿನ ವರ್ಷಗಳಲ್ಲಿ ಅದನ್ನು ವಸೂಲು ಮಾಡಿಕೊಳ್ಳುತ್ತಾರೆ. ಡಾಟ್ ಇನ್ ಹೆಸರುಗಳನ್ನು ನಮ್ಮ ದೇಶದ ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ. ಊರಿನ ಗಿರಾಕಿಗಳನ್ನೇ ನೆಚ್ಚಿಕೊಂಡ ವ್ಯಾಪಾರಕ್ಕೆ ಅದು ಧಾರಾಳವಾಗಿ ಸಾಕು.

ಒಬ್ಬರು ಮೊದಲ ವರ್ಷ 99 ರೂಪಾಯಿ, ಆಮೇಲೆ ಪ್ರತಿ ವರ್ಷ 1,500 ರೂಪಾಯಿ ಕೇಳುತ್ತಾರೆ, ಇನ್ನೊಬ್ಬರು ಆರಂಭದಿಂದಲೂ 1,100 ರೂಪಾಯಿ ಕೇಳುತ್ತಾರೆ ಎಂದಿಟ್ಟುಕೊಳ್ಳೋಣ. ಮೂರು ವರ್ಷದವರೆಗೆ ಮೊದಲನೆಯವರೇ ಅಗ್ಗ. ನಾಲ್ಕನೇ ವರ್ಷಕ್ಕೆ ಲೆಕ್ಕ ತಿರುಗುತ್ತದೆ. ಐದು ವರ್ಷಕ್ಕೆ ಒಬ್ಬರಲ್ಲಿ 6,099, ಇನ್ನೊಬ್ಬರಲ್ಲಿ 5,500 ರೂಪಾಯಿ ಆಗುತ್ತದೆ. ಜಾಹೀರಾತಿನ ದರದಲ್ಲಿ ಸಾಮಾನ್ಯವಾಗಿ ಕಾಣಿಸದ ಶೇ 18ರ ಜಿಎಸ್‌ಟಿ ಸೇರಿದರೆ ಇವು ಕ್ರಮವಾಗಿ ಸುಮಾರು 7,197 ಮತ್ತು 6,490 ರೂಪಾಯಿಗಳಾಗುತ್ತವೆ. ಜಿಎಸ್‌ಟಿ ನೋಂದಣಿ ಇರುವವರು ತಮ್ಮ ಸಂಖ್ಯೆ ನಮೂದಿಸಿ ಬಿಲ್ ಪಡೆದರೆ ಈ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಆ ಅವಕಾಶವಿಲ್ಲ.

ಎರಡನೇ ಹಂತ: ಹಣ ಕಟ್ಟುವ ಮೊದಲು ಕಾರ್ಟ್ ಖಾಲಿ ಮಾಡುವುದು

ಇಮೇಲ್, ಎಸ್‌ಎಸ್‌ಎಲ್ ಪ್ರಮಾಣಪತ್ರ (ಪುಟಕ್ಕೆ ಹೋಗಿಬರುವ ಮಾಹಿತಿಯನ್ನು ಗುಪ್ತವಾಗಿಡುವಂಥದ್ದು), ಖಾಸಗಿತನ ರಕ್ಷಣೆ (ನೋಂದಣಿದಾರರ ವಿವರ ಸಾರ್ವಜನಿಕರಿಗೆ ಕಾಣದಂತೆ ಮಾಡುವುದು), ವೆಬ್‌ಸೈಟ್ ಬಿಲ್ಡರ್ ಇವುಗಳಲ್ಲಿ ಯಾವುದಕ್ಕಾದರೂ ಮೊದಲೇ ಟಿಕ್ ಬಿದ್ದಿದೆಯೇ ಎಂದು ನೋಡಿ ತೆಗೆಯಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುವಾಗ ಮತ್ತು ವೆಬ್‌ಸೈಟ್‌ಗೆ ಜಾಗ ಕೊಡುವ ಬಹಳಷ್ಟು ಹೋಸ್ಟಿಂಗ್ ಕಂಪನಿಗಳು ಅದನ್ನೇ ಅಳವಡಿಸಿಕೊಡುವಾಗ, ಬೇಕರಿಯೊಂದರ ಪುಟಕ್ಕಾಗಿ ಅದಕ್ಕೆ ಪ್ರತ್ಯೇಕ ಹಣ ತೆರುವುದರಲ್ಲಿ ಅರ್ಥವಿಲ್ಲ. ‘ಪ್ರೀಮಿಯಂ’ ಎಂದು ಗುರುತು ಮಾಡಿದ ಹೆಸರಾದರೆ ಅದರ ನವೀಕರಣವೂ ಪ್ರೀಮಿಯಂ ದರದಲ್ಲೇ ಇದೆಯೇ ಎಂದು ಕೇಳಿಕೊಳ್ಳಿ.

ಮೂರನೇ ಹಂತ: ಖಾತೆ ಯಾರ ಹೆಸರಿನಲ್ಲಿದೆ?

ನಮ್ಮ ಕಡೆ ದೊಡ್ಡ ತೊಂದರೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ವೆಬ್‌ಸೈಟ್ ಮಾಡಿಕೊಟ್ಟ ಪರಿಚಯದ ಹುಡುಗ ತನ್ನದೇ ಇಮೇಲ್‌ನಲ್ಲಿ ಡೊಮೇನ್ ನೋಂದಾಯಿಸಿ, ಆಮೇಲೆ ಬೆಂಗಳೂರಿಗೋ ದುಬೈಗೋ ಕೆಲಸಕ್ಕೆ ಹೋಗಿಬಿಟ್ಟರೆ ನವೀಕರಣದ ನೆನಪೋಲೆ ಅಂಗಡಿಯವರಿಗೆ ತಲುಪುವುದೇ ಇಲ್ಲ. ನೋಂದಣಿದಾರರ ಹೆಸರು, ಇಮೇಲ್, ಮೊಬೈಲ್ ಮೂರೂ ಮಾಲೀಕರದ್ದೇ ಆಗಿರಬೇಕು. ಪಾಸ್‌ವರ್ಡ್ ಕೂಡ ಅವರ ಕೈಯಲ್ಲೇ ಇರಬೇಕು. ಡಿಸೈನರ್ ಎಷ್ಟೇ ನಂಬಿಕಸ್ಥರಾಗಿದ್ದರೂ ಇದರಲ್ಲಿ ದಾಕ್ಷಿಣ್ಯ ಸಲ್ಲದು.

ನಾಲ್ಕನೇ ಹಂತ: ಮುಗಿಯುವ ದಿನಾಂಕ

ಡಾಟ್ ಕಾಮ್‌ನಂತಹ ಹೆಸರುಗಳಿಗೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು ಹಾಗೂ ಮುಗಿದ ಐದು ದಿನದೊಳಗೆ ರಿಜಿಸ್ಟ್ರಾರ್ ತಿಳಿಸಬೇಕೆಂಬುದು ಐಕಾನ್ ನಿಯಮ. ಅವಧಿ ತಪ್ಪಿ, ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೂ 30 ದಿನಗಳ ಮರಳಿ ಪಡೆಯುವ ಅವಕಾಶವಿದೆ. ಆದರೆ ಆಗ ಕೇಳುವ ಶುಲ್ಕ ನವೀಕರಣ ದರದ ಹಲವು ಪಟ್ಟು ಇರುವುದು ಸಾಮಾನ್ಯ. ಮಲ್ಪೆ, ಕಾಪು ಕಡೆಯ ಹೋಂಸ್ಟೇಯವರು ಮಳೆಗಾಲದಲ್ಲಿ ಇಮೇಲ್ ನೋಡುವುದು ಕಡಿಮೆ. ಜೂನ್, ಜುಲೈಯಲ್ಲಿ ಮುಗಿಯುವ ಹೆಸರನ್ನು ಅವರು ಮೇ ತಿಂಗಳಲ್ಲೇ ನವೀಕರಿಸಿಬಿಡುವುದು ಲೇಸು. ಹಾಗೆ ಮಾಡುವುದರಿಂದ ಉಳಿದ ದಿನಗಳು ನಷ್ಟವಾಗುವುದಿಲ್ಲ. ಹೊಸ ವರ್ಷ ಹಳೆಯ ಅವಧಿಯ ತುದಿಗೇ ಸೇರುತ್ತದೆ. ದೀಪಾವಳಿಯ ಅಂಗಡಿ ಪೂಜೆಯಂದು ಹೊಸ ಲೆಕ್ಕದ ಪುಸ್ತಕ ತೆರೆಯುವವರು ಅದರ ಮೊದಲ ಪುಟದಲ್ಲೇ ಈ ದಿನಾಂಕ ಬರೆದಿಡಬಹುದು.

ಆಟೋ ರಿನ್ಯೂವಲ್ (ತಾನಾಗಿಯೇ ನವೀಕರಣವಾಗುವ ವ್ಯವಸ್ಥೆ) ಬೇಡವೆಂದಲ್ಲ. ಆದರೆ ಏರಿದ ದರಕ್ಕೂ ಅದು ಸದ್ದಿಲ್ಲದೆ ಹಣ ಕಟ್ಟುತ್ತದೆ. ಕಾರ್ಡ್ ಅಥವಾ ಯುಪಿಐ ಇ-ಮ್ಯಾಂಡೇಟ್ (ತಾನಾಗಿಯೇ ಹಣ ಕಡಿತವಾಗಲು ಮೊದಲೇ ಕೊಟ್ಟ ಒಪ್ಪಿಗೆ) ಮೂಲಕ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮವಿರುವುದರಿಂದ, ಆ ಎಸ್‌ಎಂಎಸ್ ಅನ್ನು ಓದದೆ ಅಳಿಸಬಾರದು.

ಐದನೇ ಹಂತ: ದರ ಹೆಚ್ಚೆನಿಸಿದರೆ ವರ್ಗಾವಣೆ

ನೋಂದಣಿಯ ನಂತರದ ಮೊದಲ 60 ದಿನ ಡಾಟ್ ಕಾಮ್ ಹೆಸರನ್ನು ಬೇರೆಡೆಗೆ ವರ್ಗಾಯಿಸಲಾಗದು. ಆಮೇಲೆ ಖಾತೆಯಲ್ಲಿ ಡೊಮೇನ್ ಲಾಕ್ (ವರ್ಗಾವಣೆ ತಡೆಯುವ ಬೀಗ) ತೆಗೆದು, ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತ) ಪಡೆದು, ಹೊಸ ರಿಜಿಸ್ಟ್ರಾರ್‌ಗೆ ಕೊಟ್ಟರೆ ಸಾಮಾನ್ಯವಾಗಿ ಒಂದು ವಾರದೊಳಗೆ ಕೆಲಸ ಮುಗಿಯುತ್ತದೆ. ವರ್ಗಾವಣೆಗೆ ಕಟ್ಟುವ ಹಣದಲ್ಲೇ ಒಂದು ವರ್ಷದ ನವೀಕರಣ ಸೇರಿರುತ್ತದೆ. ಅವಧಿ ಮುಗಿಯಲು ಒಂದು ತಿಂಗಳಿರುವಾಗಲೇ ಆರಂಭಿಸಿದರೆ ಗಡಿಬಿಡಿಯಿಲ್ಲ.

ದೂರು ಕೊಡಬೇಕಾದಾಗ

ಕೇಳದ ಸೇವೆಯನ್ನು ಕಾರ್ಟ್‌ಗೆ ಸೇರಿಸುವುದು, ಶುಲ್ಕಗಳನ್ನು ಕೊನೆಯ ಹಂತದಲ್ಲಿ ಒಂದೊಂದಾಗಿ ಹೊರತೆಗೆಯುವುದು, ಚಂದಾ ರದ್ದತಿಯನ್ನು ಬೇಕೆಂದೇ ಜಟಿಲಗೊಳಿಸುವುದು ಇವೆಲ್ಲ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯ ನಿಷೇಧಿತ ಪಟ್ಟಿಯಲ್ಲಿವೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು 2019ರ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವಾದರೂ, ಸ್ವಯಂ ಉದ್ಯೋಗದಿಂದ ಜೀವನ ಸಾಗಿಸುವವರಿಗೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ಮನೆಯವರೇ ನಡೆಸುವ ಸಣ್ಣ ಅಂಗಡಿಗಳು ಈ ವಿನಾಯಿತಿಯನ್ನು ಮುಂದಿಡಬಹುದು. ಮೊದಲು ರಿಜಿಸ್ಟ್ರಾರ್‌ಗೆ ಲಿಖಿತವಾಗಿ ತಿಳಿಸಿ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊಂಡ ದಿನದ ಕಾರ್ಟ್‌ನ ಸ್ಕ್ರೀನ್‌ಶಾಟ್, ಎರಡೂ ವರ್ಷಗಳ ಬಿಲ್ ಮತ್ತು ಬ್ಯಾಂಕ್ ಎಸ್‌ಎಂಎಸ್ ಕೈಯಲ್ಲಿಟ್ಟುಕೊಂಡೇ ಕರೆ ಮಾಡುವುದು ಒಳ್ಳೆಯದು.