ಬಲೂನೋ ಸ್ಟೆಂಟೋ: ನಾನು ತೀರ್ಮಾನ ಮಾಡುವ ಬಗೆ

ಶಿವಮೊಗ್ಗದಲ್ಲಿ ಆಂಜಿಯೋಗ್ರಾಮ್ ಮುಗಿದ ಮೇಲೆ ಮನೆಯವರು ಈಗೀಗ ನೇರವಾಗಿ ಕೇಳುತ್ತಾರೆ. "ಡಾಕ್ಟ್ರೇ, ಸ್ಟೆಂಟ್ ಬೇಡ, ಆ ಔಷಧದ ಬಲೂನ್ ಮಾಡಿ. ಒಳಗೆ ಏನೂ ಉಳಿಯಲ್ವಂತೆ, ಅಲ್ವಾ?" ಉಳಿಯುವುದಿಲ್ಲ, ನಿಜ. ಸ್ಟೆಂಟ್ ಅಂದರೆ ಹೃದಯದ ರಕ್ತನಾಳ ತೆರೆದಿರಲು ಒಳಗೇ ಬಿಡುವ ಲೋಹದ ಜಾಲರಿ ಕೊಳವೆ. ಔಷಧ ಲೇಪಿಸಿದ ಬಲೂನ್ ನಾಳದ ಗೋಡೆಗೆ ಔಷಧ ಹಚ್ಚಿ ಹೊರಗೆ ಬರುತ್ತದೆ. ಆದರೂ ನಾನು ಆಗಲೇ ಮಾತು ಕೊಡುವುದಿಲ್ಲ.

ಮೊದಲು ಸಾದಾ ಬಲೂನ್ ಊದಬೇಕು. ರಕ್ತನಾಳದ ಅಳತೆಗೆ ಸರಿಯಾದದ್ದನ್ನೇ ಹಾಕಿ ಬ್ಲಾಕನ್ನು ಚೆನ್ನಾಗಿ ಹಿಗ್ಗಿಸುತ್ತೇನೆ. ಆಮೇಲೆ ಕೆಲವು ನಿಮಿಷ ಕಾದು ನೋಡುತ್ತೇನೆ. ಕಿರಿದಾಗಿರುವುದು ಶೇ. 30ಕ್ಕಿಂತ ಜಾಸ್ತಿ ಉಳಿದಿರಬಾರದು, ರಕ್ತ ಸರಾಗವಾಗಿ ಹರಿಯಬೇಕು. ಒಳಗೋಡೆಯಲ್ಲಿ ಸಣ್ಣ ಸೀಳಿದ್ದರೆ ಹೆದರುವುದಿಲ್ಲ, ಅದು ಸಾಮಾನ್ಯವಾಗಿ ತಾನೇ ಮಾಯುತ್ತದೆ. ಸೀಳು ಹರಿವಿಗೆ ಅಡ್ಡ ಬಂದರೆ, ಅಥವಾ ನಾಳ ಮತ್ತೆ ಕುಗ್ಗಿದರೆ, ಸ್ಟೆಂಟೇ ಸರಿ. ಅಲ್ಲಿ ಹಠ ಮಾಡಬಾರದು.

ನಾಳ ಚೆನ್ನಾಗಿ ತೆರೆದುಕೊಂಡಿದ್ದರೆ ಮಾತ್ರ ಔಷಧದ ಬಲೂನ್. ಅದರ ಲೇಪನವನ್ನು ಬೆರಳಿಂದ ಮುಟ್ಟುವುದಿಲ್ಲ. ಒಳಗೆ ಬಿಟ್ಟ ಮೇಲೆ ತಡ ಮಾಡುವ ಹಾಗಿಲ್ಲ, ಔಷಧ ದಾರಿಯಲ್ಲೇ ರಕ್ತಕ್ಕೆ ತೊಳೆದು ಹೋಗುತ್ತದೆ. ಸಾದಾ ಬಲೂನ್ ತಾಗಿದ ಜಾಗವನ್ನು ಎರಡೂ ಕಡೆ ಸ್ವಲ್ಪ ದಾಟುವಂತೆ ಇಟ್ಟು 30ರಿಂದ 60 ಸೆಕೆಂಡ್ ಊದಿ ಹಿಡಿಯುತ್ತೇನೆ. ಅಷ್ಟರಲ್ಲಿ ನಾಳ ಮತ್ತೆ ಕಿರಿದಾಗದಂತೆ ತಡೆಯುವ ಔಷಧ, ಪ್ಯಾಕ್ಲಿಟಾಕ್ಸೆಲ್ ಅಥವಾ ಸಿರೊಲಿಮಸ್, ಗೋಡೆಗೆ ಇಳಿಯುತ್ತದೆ.

ಹಳೆ ಸ್ಟೆಂಟಿನೊಳಗೆ ಮತ್ತೆ ಬ್ಲಾಕ್ ಆದಾಗ ಇದು ನನಗೆ ಬಹಳ ಇಷ್ಟದ ದಾರಿ. ಲೋಹದ ಮೇಲೆ ಇನ್ನೊಂದು ಪದರ ಲೋಹ ಯಾಕೆ? 3 ಮಿ.ಮೀ.ಗಿಂತ ಸಣ್ಣ ನಾಳಗಳಲ್ಲೂ ಧೈರ್ಯವಾಗಿ ಬಳಸುತ್ತೇನೆ. 2018ರಲ್ಲಿ ಬಂದ ಬಾಸ್ಕೆಟ್-ಸ್ಮಾಲ್ 2 ಅಧ್ಯಯನದಲ್ಲಿ, 758 ಜನರಲ್ಲಿ, ಒಂದು ವರ್ಷಕ್ಕೆ ಬಲೂನ್ ಸ್ಟೆಂಟಿಗಿಂತ ಹಿಂದೆ ಬೀಳಲಿಲ್ಲ. ದೊಡ್ಡ ನಾಳದ ಹೊಸ ಬ್ಲಾಕ್ ಅಂದರೆ ನನ್ನ ಕೈ ಇನ್ನೂ ಸ್ಟೆಂಟಿನ ಕಡೆಗೇ ಹೋಗುತ್ತದೆ. ಚೀನಾದ 2,272 ರೋಗಿಗಳ ರೆಕ್-ಕೇಜ್‌ಫ್ರೀ 1 ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಹೃದಯದ ಕಾರಣಕ್ಕೆ ಸಾವು, ಅದೇ ನಾಳದಿಂದ ಹೃದಯಾಘಾತ, ಅದೇ ಜಾಗಕ್ಕೆ ಮತ್ತೆ ಚಿಕಿತ್ಸೆ, ಇವೆಲ್ಲ ಸೇರಿ ಎರಡು ವರ್ಷಕ್ಕೆ ಬಲೂನ್ ಗುಂಪಿನಲ್ಲಿ ಶೇ. 6.4, ಸ್ಟೆಂಟ್ ಗುಂಪಿನಲ್ಲಿ ಶೇ. 3.4. ಈ ಅಂತರವನ್ನು ಕಡೆಗಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮಲೆನಾಡಿನಲ್ಲಿ ತಕ್ಕಡಿಗೆ ಇನ್ನೊಂದು ತೂಕ ಬೀಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳು. ಅವನ್ನು ನುಂಗುವಷ್ಟು ದಿನ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಹೃದಯಾಘಾತ ಆಗಿರದ ರೋಗಿಗೆ ಸ್ಟೆಂಟ್ ಹಾಕಿದರೆ ಎರಡನ್ನೂ ಸಾಮಾನ್ಯವಾಗಿ 6 ತಿಂಗಳು, ಬರೀ ಔಷಧದ ಬಲೂನ್ ಆದರೆ 1 ತಿಂಗಳು. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವವರಲ್ಲಿ ಅಡಿಕೆ ಮರ ಹತ್ತುವವರಿದ್ದಾರೆ, ದಿನವಿಡೀ ಕತ್ತಿ ಹಿಡಿಯುವವರಿದ್ದಾರೆ. ಕಾಡಂಚಿನವರಿಗೆ ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯ ಬೇರೆ. ಆ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ ಆಗಬಹುದು. ಅಂಥವರ ನಾಳ ಬಲೂನಿಗೆ ಒಗ್ಗಿದರೆ ನನಗೆ ನಿಜಕ್ಕೂ ಸಮಾಧಾನ.

ಹೃದಯಾಘಾತ ಆಗಿದ್ದವರಿಗೆ ಈ ಲೆಕ್ಕ ನಡೆಯುವುದಿಲ್ಲ. ಬಲೂನ್ ಆದರೂ ಎರಡು ಮಾತ್ರೆ ಸಾಮಾನ್ಯವಾಗಿ ಒಂದು ವರ್ಷ ಬೇಕು. ಹಾಗಾಗಿ ಮನೆಗೆ ಕಳಿಸುವಾಗ ಯಾವ ಮಾತ್ರೆ ಯಾವ ತಾರೀಖಿನವರೆಗೆ ಅಂತ ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಡುತ್ತೇನೆ. "ಯಜಮಾನ್ರೇ, ಜ್ವರ ಬಂದರೂ, ಹಲ್ಲು ಕೀಳಿಸಬೇಕಾದರೂ, ನೀವಾಗಿಯೇ ನಿಲ್ಲಿಸಬೇಡಿ. ಮೊದಲು ಫೋನ್ ಮಾಡಿ."